ಮೂಡು ಕರೆ, ಪಡು ಕರೆ

ಇನ್ನಂಜೆಯ ಪಕ್ಕದ ಕಟಪಾಡಿಯ ಕಂಬಳಕ್ಕೆ ‘ಮೂಡು-ಪಡು’ ಜೋಡುಕರೆ ಎಂದು ಹೆಸರು. ಮೂಡಬಿದಿರೆಯಲ್ಲಿ ಅದು ಕೋಟಿ-ಚೆನ್ನಯ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಅವಳಿಗಳ ಹೆಸರಿಟ್ಟದ್ದರಲ್ಲೇ ಎರಡೂ ಕರೆ ಸಮನಾಗಿರಲಿ ಎಂಬ ಆಸೆ ನನಗೆ ಕಾಣುತ್ತದೆ.

ಹಳೆಯ ಪೂಜಾ ಕಂಬಳದಲ್ಲಿ ಈ ಚಿಂತೆಯಿರಲಿಲ್ಲ. ಕೋಣಗಳ ಜೋಡಿಗಳು ಒಂದೊಂದಾಗಿ ಓಡುತ್ತಿದ್ದವು. ಜೋಡುಕರೆಯಲ್ಲಿ ಪೈಪೋಟಿ ಬಂತು. ಒಂದು ಬದಿಯ ಕೆಸರು ತುಸು ದಪ್ಪವಾದರೂ ಸೋತವನಿಗೆ ಮಾತು ಸಿಕ್ಕಿತು. ಆದ್ದರಿಂದಲೇ ನೇಗಿಲು, ಹಗ್ಗ, ಅಡ್ಡಹಲಗೆ ಎಂಬ ವಿಭಾಗಗಳು, ಹಿರಿಯ-ಕಿರಿಯ ಎಂಬ ಭೇದ, ಈಚೆಗೆ ಗುರಿಯ ಬಳಿ ಲೇಸರ್ ಕಿರಣ. ಕೆನೆಹಲಗೆಯಲ್ಲಂತೂ ಮೊದಲು ತಲುಪುವ ಮಾತೇ ಇಲ್ಲ: ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಬೇಕು.

2020ರ ಫೆಬ್ರವರಿಯಲ್ಲಿ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ದೇಶ ಅದನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟಿತು. ಓಟಗಾರನನ್ನು ಎಳೆಯುವ ಕೋಣಗಳನ್ನು ಮರೆತೇಬಿಟ್ಟರು! ಬೋಲ್ಟ್ ದೂರದ ಮಾತು. ಕರೆಗಳ ಉದ್ದ ಊರಿಂದೂರಿಗೆ ಬೇರೆಯಾಗಿರುವುದರಿಂದ ಐಕಳದ ಸಮಯವನ್ನು ಕಟಪಾಡಿಯದರ ಜೊತೆ ತೂಗುವುದೇ ಕಷ್ಟ.

‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ವಿಡಿಯೊ ಗೇಮಿನ ಪಂದ್ಯಾವಳಿಗಳಲ್ಲಿ ಅನ್ಯಾಯವೆನಿಸಿದ ರಂಗಗಳನ್ನು ಪಟ್ಟಿಯಿಂದಲೇ ಕೈಬಿಡುತ್ತಾರೆ. ಕಂಬಳದವರಿಗೆ ಆ ಅನುಕೂಲವಿಲ್ಲ. ಕೋಣಗಳನ್ನು ಲಾರಿಗೆ ಹತ್ತಿಸಿ ಆಯಾ ಊರಿನ ಕೆಸರಿಗೇ ಇಳಿಸಬೇಕು.