ಚಾವಣಿಯ ಬಿಸಿಲು, ಗೋಡೆಯ ಬ್ಯಾಟರಿ

ನ್ಯೂ ಸೌತ್ ವೇಲ್ಸ್‌ನ ಮನೆಗಳಿಗೆ ಸೌರಫಲಕಗಳು ಬಂದ ಕಥೆಯಲ್ಲಿ 2010ನೆಯ ಇಸವಿ ಮುಖ್ಯವಾದುದು. ಆ ಜನವರಿಯಲ್ಲಿ ರಾಜ್ಯ ಸರ್ಕಾರವು ಸೌರವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ 60 ಸೆಂಟ್ ಕೊಡುವ ಯೋಜನೆಯನ್ನು ಆರಂಭಿಸಿತು. ಜನ ಮುಗಿಬಿದ್ದರು, ಅಕ್ಟೋಬರಿನಲ್ಲಿಯೇ ಹೊಸಬರಿಗೆ ದರ 20 ಸೆಂಟಿಗೆ ಇಳಿಯಿತು. ಅಂದು ಅನೇಕ ಮನೆಗಳ ಮೀಟರಿನ ಜೋಡಣೆ ವಿಚಿತ್ರವಾಗಿತ್ತು: ಉತ್ಪಾದಿಸಿದ್ದೆಲ್ಲವೂ ವಿದ್ಯುತ್ ಜಾಲಕ್ಕೆ ಮಾರಾಟ, ಬಳಸುವುದೆಲ್ಲವೂ ಜಾಲದಿಂದಲೇ ಖರೀದಿ. ಮನೆಯ ಹಸುವಿನ ಹಾಲನ್ನೆಲ್ಲ ಡೈರಿಗೆ ಹಾಕಿ, ಕಾಫಿಗೆ ಪ್ಯಾಕೆಟ್ ಹಾಲು ಕೊಂಡಂತೆ! ಡೈರಿಯವರು ಹೆಚ್ಚು ಕೊಡುವಷ್ಟು ಕಾಲ ಅದು ಲಾಭವೇ. ಬ್ಯಾಟರಿಯ ಮಾತೆತ್ತಲು ಆಗ ಕಾರಣವಿರಲಿಲ್ಲ.

2016ರ ಡಿಸೆಂಬರ್ 31ರಂದು ಯೋಜನೆ ಮುಗಿಯಿತು. ಹಳೆಯ ಮೀಟರನ್ನು ಬದಲಾಯಿಸಿಕೊಳ್ಳದವರು ಅಗ್ಗಕ್ಕೆ ಮಾರಿ ದುಬಾರಿಗೆ ಕೊಳ್ಳಬೇಕಾಯಿತು. ಹಗಲಿನ ವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳುವ ವಿಚಾರಕ್ಕೆ ಬೆಲೆ ಬಂದುದು ಆಮೇಲೆ.

2025ರ ಜುಲೈ 1ರಿಂದ ಒಕ್ಕೂಟ ಸರ್ಕಾರವು ಮನೆಯ ಬ್ಯಾಟರಿಗಳಿಗೂ ರಿಯಾಯಿತಿ ನೀಡುತ್ತಿದೆ. ಜಾಲಕ್ಕೆ ಸೇರಿದ ಬ್ಯಾಟರಿಯು ‘ವರ್ಚುವಲ್ ಪವರ್ ಪ್ಲಾಂಟ್’ಗೆ, ಅಂದರೆ ಹಲವು ಮನೆಗಳ ಬ್ಯಾಟರಿಗಳನ್ನು ಒಂದೇ ಸ್ಥಾವರದಂತೆ ನಡೆಸುವ ಏರ್ಪಾಡಿಗೆ, ಹೊಂದುವಂತಿರಬೇಕು, ಸೇರಲೇಬೇಕೆಂದು ಈ ಯೋಜನೆಯಲ್ಲಿ ಕಡ್ಡಾಯವಿಲ್ಲ. ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಬ್ಯಾಟರಿಯನ್ನು ಯಾವಾಗ ತುಂಬಿಸಬೇಕು, ಯಾವಾಗ ಬರಿದುಮಾಡಬೇಕು ಎಂದು ತೀರ್ಮಾನಿಸುವ ತಂತ್ರಾಂಶ ಯಾರ ಕೈಯಲ್ಲಿರುತ್ತದೆ? ನಾಳೆ ದರ ಬದಲಾದರೆ ನಾವೇ ಅದನ್ನು ಮಾರ್ಪಡಿಸಬಹುದೇ? 2016ರ ಮೀಟರಿನ ಪಾಡು ಬ್ಯಾಟರಿಗೂ ಬರಬಾರದಷ್ಟೆ. ಇನ್ನು, ಬ್ಯಾಟರಿಯಿದ್ದ ಮಾತ್ರಕ್ಕೆ ಕರೆಂಟ್ ಹೋದಾಗ ದೀಪ ಉರಿಯುತ್ತದೆಂದಿಲ್ಲ. ಅದಕ್ಕೆ ಪ್ರತ್ಯೇಕ ಜೋಡಣೆ ಬೇಕು, ಅದನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ.