ವಸೂಲಿದಾರನ ವಹಿ: ಕರೆಂಟ್ ಬಿಲ್ಲಿನಿಂದ ಬಾಂಡಿನವರೆಗೆ

ಅಥಣಿ ತಾಲ್ಲೂಕಿನ ತೆಲಸಂಗದಲ್ಲಿ ಯಾರ ಮನೆಯ ಕರೆಂಟ್ ಬಿಲ್ ತೆಗೆದು ನೋಡಿದರೂ ಒಂದು ಆರ್.ಆರ್. ನಂಬರ್ ಇರುತ್ತದೆ. ಅದು ರೆವೆನ್ಯೂ ರಿಜಿಸ್ಟರಿನ ಸಂಖ್ಯೆ. ದಪ್ಪ ರಟ್ಟಿನ ರಿಜಿಸ್ಟರುಗಳು ಮೂಲೆ ಸೇರಿ ಎಷ್ಟೋ ವರ್ಷಗಳಾದರೂ ಹೆಸರು ಉಳಿದಿದೆ. ಅದರ ಕೆಳಗೆ ಬಾಬತ್ತುಗಳ ಸಾಲು: ನಿಗದಿತ ಶುಲ್ಕ, ಬಳಕೆಯ ಶುಲ್ಕ, ಇಂಧನ ಹೊಂದಾಣಿಕೆ, ತೆರಿಗೆ. 2025ರ ಏಪ್ರಿಲ್ ಒಂದರಿಂದ ಆ ಸಾಲಿಗೆ ಇನ್ನೊಂದು ಸೇರಿತು. ಯೂನಿಟ್‌ಗೆ 36 ಪೈಸೆಯ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್.

ಉಳಿದ ಬಾಬತ್ತುಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಈ ಸರ್ಚಾರ್ಜನ್ನು ಇಲ್ಲಿಯ ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂ ತನ್ನ ಬಿಲ್ಲಿನಲ್ಲೇ ವಸೂಲಿ ಮಾಡುತ್ತದೆ, ಆದರೆ ಅದು ಹೆಸ್ಕಾಂ ಖರ್ಚು ಮಾಡಿಕೊಳ್ಳುವ ದುಡ್ಡಲ್ಲ. ವಿದ್ಯುತ್ ಮಂಡಳಿಯ ಕಾಲದಿಂದ ದುಡಿದು ನಿವೃತ್ತರಾದವರ ನಿಧಿಗೆ ಸಲ್ಲಬೇಕಾದ ಹಣ. ಬೇರೆಯವರಿಗೆ ಸೇರಬೇಕಾದ ದುಡ್ಡನ್ನು ತನ್ನ ಕೌಂಟರಿನಲ್ಲಿ ತೆಗೆದುಕೊಳ್ಳುವ ಕಂಪನಿ ಅದರ ಲೆಕ್ಕವನ್ನು ಹೇಗೆ ಇಡಬೇಕು, ಎಷ್ಟು ದಿನದೊಳಗೆ ದಾಟಿಸಬೇಕು, ಯಾರಿಗೆ ತೋರಿಸಬೇಕು ಎಂಬ ಪ್ರಶ್ನೆಗಳು ಇಲ್ಲಿಂದ ಶುರುವಾಗುತ್ತವೆ. ಹಣಕಾಸಿನ ಲೋಕದಲ್ಲಿ ಇಂಥ ಕೆಲಸ ಮಾಡುವವನಿಗೆ ಸರ್ವಿಸರ್ ಎನ್ನುತ್ತಾರೆ. ನಮ್ಮ ಭಾಗದವರು ಸಲೀಸಾಗಿ ವಸೂಲಿದಾರ ಎಂದಾರು.

ವಸೂಲಿದಾರನ ಹೊಣೆಯನ್ನು ಕರಾರಿನ ಕಲಮುಗಳಲ್ಲಿ ಬಿಡಿಸಿ ಬರೆದವರು ಅಮೆರಿಕದವರು. 1996ರಲ್ಲಿ ಕ್ಯಾಲಿಫೋರ್ನಿಯಾ ವಿದ್ಯುತ್ ಮಾರುಕಟ್ಟೆಯನ್ನು ತೆರೆದು ಕಾನೂನು ಮಾಡಿತು. ಮನೆಗಳಿಗೂ ಸಣ್ಣ ವ್ಯಾಪಾರಿಗಳಿಗೂ ದರದಲ್ಲಿ ಶೇಕಡಾ 10 ಇಳಿಸಬೇಕಿತ್ತು. ಅದಕ್ಕೆ ಹಣ ಹೊಂದಿಸಲು ಮರುವರ್ಷ ಅಲ್ಲಿಯ ಮೂರು ದೊಡ್ಡ ಕಂಪನಿಗಳ ಪರವಾಗಿ ಸುಮಾರು 600 ಕೋಟಿ ಡಾಲರ್‌ಗಳ ಬಾಂಡ್ ಹೊರಬಂತು. ಅದರ ಕ್ರಮ ಹೀಗೆ: ಬಿಲ್ಲಿನ ಒಂದು ಬಾಬತ್ತನ್ನು, ಅಂದರೆ ಯೂನಿಟ್‌ಗೆ ಇಷ್ಟು ಎಂದು ವಸೂಲಿ ಮಾಡುವ ಹಕ್ಕನ್ನು, ಕಂಪನಿಯು ಬೇರೊಂದು ಸಂಸ್ಥೆಗೆ ಮಾರಿಬಿಡುತ್ತದೆ. ಆ ಸಂಸ್ಥೆ ಬಾಂಡ್ ಹೊರಡಿಸುತ್ತದೆ. ಆದರೆ ಅದಕ್ಕೆ ಮೀಟರ್ ಇಲ್ಲ, ಲೈನ್‌ಮನ್ ಇಲ್ಲ, ಕೌಂಟರ್ ಇಲ್ಲ. ಹೀಗಾಗಿ ಹಕ್ಕು ಮಾರಿದ ಕಂಪನಿಯನ್ನೇ ವಸೂಲಿಗೆ ನೇಮಿಸಿಕೊಳ್ಳುತ್ತದೆ. ಮಾರಿದವನೇ ಆಳಾಗಿ ನಿಲ್ಲುವ ಈ ವ್ಯವಸ್ಥೆಯಲ್ಲಿ ಕಾವಲಿಗೆ ಇರುವುದು ಲೆಕ್ಕದ ಪುಸ್ತಕ ಮಾತ್ರ.

ಆ ಕರಾರುಗಳು ಓದಲು ಬೇಸರ ತರಿಸುವ ದಾಖಲೆಗಳು. ಆದರೂ ಒಂದೊಂದು ಕಲಮಿನ ಹಿಂದೆಯೂ ಒಂದು ಅನುಮಾನ ಅಡಗಿದೆ. ವಸೂಲಿಯಾದ ಹಣ ಮೊದಲು ಕಂಪನಿಯ ಸಾಮಾನ್ಯ ಖಾತೆಗೇ ಬೀಳುತ್ತದೆ, ಅಲ್ಲಿ ಎಲ್ಲ ಹಣದೊಡನೆ ಬೆರೆಯುತ್ತದೆ. ಬೆರೆತದ್ದನ್ನು ಬೇರ್ಪಡಿಸಿ ಹೇಳುವಷ್ಟು ವಿವರದ ದಾಖಲೆ ಇರಬೇಕು. ಈ ಬಾಬತ್ತು ಮಾರಾಟವಾಗಿದೆ ಎಂಬುದು ಕಂಪ್ಯೂಟರ್ ಕಡತಗಳಲ್ಲೂ ಕಾಣಬೇಕು. ಯಾವ ಗ್ರಾಹಕ ಯಾವತ್ತು ಎಷ್ಟು ಕಟ್ಟಿದ ಎಂದು ಕಾಯದೆ, ಗ್ರಾಹಕರು ಸರಾಸರಿ ಎಷ್ಟು ದಿನಕ್ಕೆ ಬಿಲ್ ಕಟ್ಟುತ್ತಾರೆ ಎಂಬ ಅಂದಾಜಿನ ಮೇಲೆ ಹಣ ದಾಟಿಸಬಹುದು. ಆಮೇಲೆ ನಿಜವಾದ ವಸೂಲಿಯ ಜೊತೆ ತಾಳೆ ನೋಡಿ ಹೆಚ್ಚುಕಡಿಮೆಯನ್ನು ಸರಿಪಡಿಸಬೇಕು. ಬಾಂಡುದಾರರ ಪರವಾದ ಟ್ರಸ್ಟಿಗೆ ತಿಂಗಳ ಪ್ರಮಾಣಪತ್ರ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ವರದಿ, ಟ್ರಸ್ಟಿ ಕೇಳಿದಾಗ ಪುಸ್ತಕ ತೆರೆದು ತೋರಿಸುವ ಬಾಧ್ಯತೆ. ವಸೂಲಿ ಕಡಿಮೆ ಬಿದ್ದರೆ ಮುಂದಿನ ಅವಧಿಯ ದರವನ್ನು ಏರಿಸಿ ತುಂಬಿಕೊಳ್ಳುವ ಅವಕಾಶವೂ ಇದೆ, ಆದರೆ ಆ ಏರಿಕೆಯ ಲೆಕ್ಕ ಹಾಕಿ ನಿಯಂತ್ರಕರ ಮುಂದೆ ಇಡಬೇಕಾದವನೂ ವಸೂಲಿದಾರನೇ. ಇಷ್ಟೆಲ್ಲ ಕೆಲಸಕ್ಕೆ ಕೂಲಿ ವರ್ಷಕ್ಕೆ ಸಾಮಾನ್ಯವಾಗಿ ಬಾಂಡಿನ ಮೂಲ ಮೊತ್ತದ ಶೇಕಡಾ 0.05. ಬೇರೆ ವಸೂಲಿದಾರ ಬರಬೇಕಾದರೆ ಕೂಲಿ ಹೆಚ್ಚು, ಯಾಕೆಂದರೆ ಅವನು ಪುಸ್ತಕವನ್ನು ಮೊದಲಿನಿಂದ ಓದಿಕೊಳ್ಳಬೇಕು.

ಪರೀಕ್ಷೆ ಬೇಗನೇ ಬಂತು. 2001ರ ಏಪ್ರಿಲ್‌ನಲ್ಲಿ ಆ ಮೂರರಲ್ಲಿ ಒಂದಾದ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾಲ ಕೊಟ್ಟವರು ಸಾಲಾಗಿ ನಿಂತರು. ಬಾಂಡಿನ ಕಂತುಗಳು ಮಾತ್ರ ತಪ್ಪಲಿಲ್ಲ. ಆ ಹಣ ಯಾರದ್ದು ಎಂದು ಕಾನೂನೂ ಲೆಕ್ಕವೂ ಮೊದಲೇ ಹೇಳಿ ಇಟ್ಟಿದ್ದವು.

ಕೃಷ್ಣಾ ಕೊಳ್ಳದಲ್ಲಿ ಬಾಂಡಿನ ಕಥೆ ಅದಕ್ಕಿಂತ ಮೊದಲೇ ಶುರುವಾಗಿತ್ತು, ಆದರೆ ಬೇರೆ ದಾರಿಯಲ್ಲಿ. ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪನ್ನು 2000ದ ಮೇ ಕಳೆದ ಮೇಲೆ ಮರುಪರಿಶೀಲಿಸಬಹುದಿತ್ತು. ಅಷ್ಟರೊಳಗೆ ತಮ್ಮ ಪಾಲಿನ ನೀರಿಗೆ ಕಟ್ಟೆ ಕಾಲುವೆ ಕಟ್ಟಿಕೊಳ್ಳುವ ಆತುರ ಎಲ್ಲ ರಾಜ್ಯಗಳಿಗೂ ಇತ್ತು. ಕರ್ನಾಟಕ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಹುಟ್ಟುಹಾಕಿತು. ಎರಡು ವರ್ಷಕ್ಕೆ ಮಹಾರಾಷ್ಟ್ರ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮ ಮಾಡಿತು. ಎರಡೂ ಬಾಂಡ್ ಮೂಲಕ ಸಾಲ ಎತ್ತಿದವು, ಎರಡಕ್ಕೂ ಸರ್ಕಾರದ ಖಾತರಿ ಇತ್ತು. ನೀರಿನ ಕರದಿಂದ ಆ ಸಾಲ ತೀರುತ್ತದೆಂದು ಯಾರೂ ನಂಬಿರಲಿಲ್ಲ. ತೀರಿಸುವುದು ಬಜೆಟ್. ಖಾತರಿ ಕೊಟ್ಟವರು ಬೆಂಗಳೂರು, ಮುಂಬೈಗಳಲ್ಲಿ ಕೂತಿರುವಾಗ ಅಥಣಿ, ರಾಯಬಾಗದ ರೈತರಿಂದ ಎಷ್ಟು ನೀರಿನ ಕರ ಬಂತೆಂದು ಕೇಳುವ ಅಗತ್ಯ ಬಾಂಡ್ ಕೊಂಡವರಿಗೆ ಬೀಳಲಿಲ್ಲ. ಖಾತರಿ ಸಾಲವನ್ನು ಸುಲಭ ಮಾಡಿತು, ಲೆಕ್ಕವನ್ನು ಸಡಿಲ ಮಾಡಿತು ಎಂದರೆ ಅನ್ಯಾಯದ ಮಾತಾಗದು.

ಇದೇ ಅವಧಿಯ ಎರಡು ನಗರಗಳನ್ನು ಹೋಲಿಸಿ ನೋಡಬಹುದು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ಮರುವರ್ಷ ಅಹಮದಾಬಾದ್ ಪಾಲಿಕೆ ಖಾತರಿಯಿಲ್ಲದೆ 100 ಕೋಟಿ ಎತ್ತಿತು. ಖಾತರಿಯ ಬದಲಿಗೆ ಅದು ತೋರಿಸಿದ್ದು ಆಯ್ದ ಜಕಾತಿ ನಾಕಾಗಳ ವಸೂಲಿಯನ್ನು. ಆ ನಾಕಾಗಳಲ್ಲಿ ಬಂದದ್ದು ನೇರವಾಗಿ ಪ್ರತ್ಯೇಕ ಖಾತೆಗೆ ಹೋಗಬೇಕಿತ್ತು. ಹಾಗಾಗಿ ಗುಜರಾತಿನ ನಾಕಾದ ಕಾರಕೂನ ಬರೆದ ರಸೀದಿಗೆ ಬಾಂಡಿನ ಬೆಲೆ ಬಂತು. ಬೆಂಗಳೂರು ಲೆಕ್ಕದ ಪದ್ಧತಿಯನ್ನು ಬದಲಿಸಿಕೊಂಡದ್ದು ಬಾಂಡಿನ ನಂತರ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಕಾಲದ ಬೆಂಗಳೂರು ಕಾರ್ಯಪಡೆಯ ಒತ್ತಾಸೆಯಿಂದ ನಿಧಿ ಆಧಾರಿತ ಲೆಕ್ಕ ಬಂತು. ರಾಜ್ಯದ ಉಳಿದ ಪುರಸಭೆಗಳಿಗೆ 2006ರಲ್ಲಿ ಲೆಕ್ಕ ಮತ್ತು ಆಯವ್ಯಯ ನಿಯಮಗಳು ಬಂದವು.

2005ರ ಪ್ರಯೋಗ ಹೆಚ್ಚು ಜಾಣತನದ್ದು. ಬೆಂಗಳೂರಿನ ಸುತ್ತಲಿನ ಏಳು ನಗರಸಭೆಗಳು ಮತ್ತು ಕೆಂಗೇರಿ ಪುರಸಭೆ ಸೇರಿ, ಕರ್ನಾಟಕ ನೀರು ಮತ್ತು ನೈರ್ಮಲ್ಯ ಸಂಯುಕ್ತ ನಿಧಿಯ ಮೂಲಕ ಕುಡಿಯುವ ನೀರಿಗಾಗಿ 100 ಕೋಟಿಯ ಬಾಂಡ್ ಎತ್ತಿದವು. ಒಂಟಿಯಾಗಿ ಹೋದರೆ ಸಾಲ ಹುಟ್ಟದ ಸಣ್ಣ ಊರುಗಳು ಒಟ್ಟಾಗಿ ಹೋದವು. ಅಮೆರಿಕದ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ ಅಸಲಿನ ಅರ್ಧಕ್ಕೆ ಖಾತರಿ ನೀಡಿತು. ಎರಡು ವರ್ಷ ತುಂಬುವ ಮೊದಲೇ, 2007ರಲ್ಲಿ, ಈ ಎಂಟೂ ಸಂಸ್ಥೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಕರಗಿಹೋದವು! ಸಾಲ ಮಾಡಿದವರೇ ಇಲ್ಲವಾದರೂ ಸಾಲ ಇದ್ದೇ ಇತ್ತು. ವಾರಸುದಾರ ಬಂದಾಗ ಪುಸ್ತಕ ಹೇಗೆ ಕೈ ಬದಲಿಸಬೇಕು ಎಂದು ಅಮೆರಿಕದ ಕರಾರುಗಳು ಪುಟಗಟ್ಟಲೆ ಬರೆಯುವುದು ಇಂಥ ದಿನಗಳಿಗಾಗಿಯೇ.

ವಿದ್ಯುತ್ತಿಗೆ ಮರಳೋಣ. ಚಿಕ್ಕೋಡಿಯ ಪಕ್ಕದ ಹುಕ್ಕೇರಿಯಲ್ಲಿ ಈ ವಿಷಯದ ಅತ್ಯಂತ ಹಳೆಯ ಪಾಠವಿದೆ, ಅದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಅದೇ ವರ್ಷ ಸ್ಥಾಪನೆಯಾದ ಗ್ರಾಮೀಣ ವಿದ್ಯುದೀಕರಣ ನಿಗಮ ಸಾಲ ಕೊಟ್ಟಿತು. ಅದಕ್ಕೆ ಅಮೆರಿಕದ ಪಿಎಲ್-480 ಧಾನ್ಯ ಸರಬರಾಜಿನಿಂದ ಕೂಡಿದ ರೂಪಾಯಿ ನಿಧಿಯ ನೆರವಿತ್ತು. ಸಂಘ ಸಗಟಾಗಿ ವಿದ್ಯುತ್ ಕೊಳ್ಳುತ್ತದೆ, ಸದಸ್ಯರಿಗೆ ಹಂಚುತ್ತದೆ, ತಾನೇ ಬಿಲ್ ಕೊಟ್ಟು ತಾನೇ ವಸೂಲಿ ಮಾಡುತ್ತದೆ. ಅಂದರೆ ಸಾಲದ ಕಂತು, ಸಗಟು ಖರೀದಿಯ ಬಾಕಿ, ಸದಸ್ಯರ ಠೇವಣಿ ಎಲ್ಲವೂ ಒಂದೇ ಕಿರ್ದಿಯಲ್ಲಿ ಹಾದುಹೋಗುತ್ತವೆ. ಆ ಐದರಲ್ಲಿ ಇನ್ನೊಂದಾದ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಸಗಟು ಬಾಕಿಯ ಹೊರೆಯಲ್ಲಿ ಸಿಲುಕಿ 2011ರಲ್ಲಿ ಪರವಾನಗಿಯನ್ನೇ ಕಳೆದುಕೊಂಡಿತು. ಹುಕ್ಕೇರಿ ಉಳಿದಿದೆ. ಹೆಸ್ಕಾಂನಿಂದ ವಿದ್ಯುತ್ ಕೊಂಡು, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿಯ ಮುಂದೆ ತನ್ನ ಲೆಕ್ಕ ತಾನೇ ಒಪ್ಪಿಸುತ್ತದೆ.

ದೊಡ್ಡ ಮಂಡಳಿಗಳ ಲೆಕ್ಕ ತಡವಾಗಿ ಶಿಸ್ತಿಗೆ ಬಂತು. ವಿದ್ಯುತ್ ಮಂಡಳಿಗಳು ವಾಣಿಜ್ಯ ಪದ್ಧತಿಯಲ್ಲಿ ಲೆಕ್ಕ ಇಡಬೇಕೆಂಬ ಕೇಂದ್ರದ ನಿಯಮಗಳು 1985ರವು. ಆಗಲೂ ವಸೂಲಾಗದ ಬಾಕಿ ಪುಸ್ತಕದಲ್ಲಿ ಆಸ್ತಿಯಾಗಿಯೇ ಬೆಳೆಯುತ್ತಿತ್ತು. 2001ರಲ್ಲಿ ಮೊಂಟೆಕ್ ಸಿಂಗ್ ಅಹ್ಲುವಾಲಿಯಾ ಸಮಿತಿ ಲೆಕ್ಕ ತೆಗೆದಾಗ ರಾಜ್ಯ ಮಂಡಳಿಗಳು ಕೇಂದ್ರದ ಸಾರ್ವಜನಿಕ ಸಂಸ್ಥೆಗಳಿಗೆ ಕೊಡಬೇಕಾದದ್ದು 41,000 ಕೋಟಿ ದಾಟಿತ್ತು. ರಾಜ್ಯ ಸರ್ಕಾರಗಳು ಅದನ್ನು 15 ವರ್ಷದ, ಶೇಕಡಾ 8.5 ಬಡ್ಡಿಯ ತೆರಿಗೆರಹಿತ ಬಾಂಡ್‌ಗಳಾಗಿ ಬದಲಿಸಿಕೊಂಡವು. ಮತ್ತೆ ಅದೇ ಕಥೆ: ವಸೂಲಿ ಸೋತಲ್ಲಿ ಖಜಾನೆ ಹೆಗಲು ಕೊಟ್ಟಿತು.

ಅಷ್ಟರಲ್ಲಿ ಕರ್ನಾಟಕದಲ್ಲಿ ಮಂಡಳಿ ಒಡೆದಿತ್ತು. 1999ರಲ್ಲಿ ಕೆಪಿಟಿಸಿಎಲ್ ಕಂಪನಿ, ಅದೇ ವರ್ಷ ನಿಯಂತ್ರಣ ಆಯೋಗ, 2002ರ ಜೂನ್ ಒಂದಕ್ಕೆ ವಿತರಣೆಗೆಂದು ಎಸ್ಕಾಂ ಎಂಬ ಕಂಪನಿಗಳು. ಬೆಳಗಾವಿ ಜಿಲ್ಲೆ ಹುಬ್ಬಳ್ಳಿಯ ಹೆಸ್ಕಾಂ ಪಾಲಾಯಿತು. ಎಸ್ಕಾಂಗಳು ಮಾಡಿದ ಒಂದು ಪ್ರಯೋಗ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು: ಗ್ರಾಮ ವಿದ್ಯುತ್ ಪ್ರತಿನಿಧಿ. ಊರಿನ ಹುಡುಗನೇ ಠೇವಣಿ ಇಟ್ಟು, ಕರಾರು ಬರೆದುಕೊಟ್ಟು, ಮೀಟರ್ ಓದಿ, ಬಿಲ್ ಹಂಚಿ, ಹಣ ತಂದು ಕಟ್ಟುವುದು. ನಿಗದಿತ ಗುರಿ ಮುಟ್ಟಿದರೆ ಕಮಿಷನ್, ದಾಟಿದರೆ ಹೆಚ್ಚುವರಿ. ಯಾವುದೇ ಬಾಂಡ್ ವಕೀಲ ಇದನ್ನು ನೋಡಿದರೆ ಕಿರು ಗಾತ್ರದ ಸರ್ವಿಸರ್ ಕರಾರು ಎನ್ನುತ್ತಾನೆ. ಕಚೇರಿಯಲ್ಲಿ ಅವನ ಕೆಲಸವನ್ನು ಅಳೆಯುವುದು ಡಿ.ಸಿ.ಬಿ. ತಖ್ತೆ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಎಂಬ ಮೂರು ಕಲಂ.

ಆದರೆ ತೆಲಸಂಗದಂಥ ಹೋಬಳಿಯಲ್ಲಿ ಆ ತಖ್ತೆಗೆ ಸಿಗದ ಬಳಕೆಯೇ ದೊಡ್ಡದು. ಕೃಷ್ಣೆ ತಾಲ್ಲೂಕಿನ ಇನ್ನೊಂದು ಬದಿಗೆ ಹರಿಯುತ್ತಾಳೆ. ಇಲ್ಲಿಯ ಒಣ ನೆಲದಲ್ಲಿ ದ್ರಾಕ್ಷಿ ಬದುಕಿರುವುದು ಬೋರ್‌ವೆಲ್ ಮೇಲೆ, ಬೋರ್‌ವೆಲ್ ನಡೆಯುವುದು ಪಂಪ್‌ಸೆಟ್ ಮೇಲೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ಮೊದಲು ಅಶ್ವಶಕ್ತಿಗೆ ಇಷ್ಟೆಂದು ಒಂದೇ ದರವಿತ್ತು, ಆಗಲೂ ಮೀಟರಿನ ಗೊಡವೆ ಇರಲಿಲ್ಲ. 2003ರ ವಿದ್ಯುತ್ ಕಾಯ್ದೆ ಎರಡು ವರ್ಷದೊಳಗೆ ಮೀಟರ್ ಇಲ್ಲದ ಸಂಪರ್ಕವೇ ಇರಬಾರದು ಎಂದಿತು. ಹೊಲದ ತುಂಬ ಮೀಟರಿಲ್ಲದ ಪಂಪ್‌ಸೆಟ್‌ಗಳು ಹಾಗೆಯೇ ಉಳಿದವು. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಮತ್ತು ಹೊಲಗಳ ಫೀಡರ್ ಬೇರೆಯಾದ ಮೇಲೆ ಲೆಕ್ಕಕ್ಕೆ ಒಂದು ಆಧಾರ ಸಿಕ್ಕಿತು. ಹೊಲದ ಫೀಡರಿನ ಮೀಟರ್ ಓದಿ, ಸೋರಿಕೆ ಕಳೆದು, ಉಳಿದದ್ದನ್ನು ಪಂಪ್‌ಸೆಟ್‌ಗಳಿಗೆ ಹಂಚಿದರೆ ಸಹಾಯಧನದ ಮೊತ್ತ ಬರುತ್ತದೆ. ಕೆಇಆರ್‌ಸಿ ತನ್ನ ಆದೇಶಗಳಲ್ಲಿ ಈ ಫೀಡರ್ ಲೆಕ್ಕವನ್ನು ಮತ್ತೆ ಮತ್ತೆ ಕೇಳುತ್ತದೆ, ಆರ್.ಆರ್. ನಂಬರಿಗೆ ಆಧಾರ್ ಜೋಡಿಸಿ ಎಂದೂ ಹೇಳಿದೆ. 2023ರ ಜುಲೈನಲ್ಲಿ ಕೇಂದ್ರದ ವಿದ್ಯುತ್ ನಿಯಮಗಳ ತಿದ್ದುಪಡಿ ಇದಕ್ಕೆ ಗಡುವು ಹಾಕಿತು. ಪ್ರತಿ ಮೂರು ತಿಂಗಳು ಮುಗಿದ 30 ದಿನದೊಳಗೆ ಸಹಾಯಧನದ ಬೇಡಿಕೆ, ಬಂದದ್ದು, ಬಾಕಿ ಎಲ್ಲದರ ವರದಿ ಸಿದ್ಧವಾಗಬೇಕು. ಅದೇ ತಿಂಗಳು ರಾಜ್ಯದಲ್ಲಿ ಮನೆಗಳಿಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಶುರುವಾಯಿತು. ಹೊಲದ ಜೊತೆಗೆ ಮನೆಯ ಬಿಲ್ಲಿನ ಬಹುಪಾಲು ದುಡ್ಡು ಕೊಡುವವರೂ ಸರ್ಕಾರವೇ ಆದರು. ಹೆಸ್ಕಾಂಗೆ ಗ್ರಾಹಕರು ಲಕ್ಷಗಟ್ಟಲೆ, ನಿಜವಾದ ಪಾವತಿದಾರ ಮಾತ್ರ ಬಹುತೇಕ ಒಬ್ಬನೇ.

ಈ ಸ್ಥಿತಿಯಲ್ಲಿ ಕ್ಯಾಲಿಫೋರ್ನಿಯಾದ ಮಾದರಿಯ ಬಾಂಡ್ ಇಲ್ಲಿ ಸಾಧ್ಯವೇ? ಬಿಲ್ ಕಟ್ಟುವವರು ಚದುರಿರುವುದೇ ಆ ಬಾಂಡಿನ ಬಲ. ನೂರು ಮಂದಿ ಕಟ್ಟದಿದ್ದರೂ ಉಳಿದವರು ಕಟ್ಟುತ್ತಾರೆ. ಇಲ್ಲಿ ಒಬ್ಬನು ತಡಮಾಡಿದರೆ ಎಲ್ಲವೂ ತಡ. ಹಾಗೆಂದೇ ಭಾರತದಲ್ಲಿ ವಿದ್ಯುತ್ ಕಂಪನಿಗಳು ವಸೂಲಿಯನ್ನು ಮುಂದಿಟ್ಟು ಬಾಂಡ್ ತೆಗೆದಾಗಲೂ, ಉತ್ತರ ಪ್ರದೇಶದ ಪವರ್ ಕಾರ್ಪೊರೇಷನ್ನಿನಂತೆ, ಎಸ್ಕ್ರೋ ಖಾತೆಯ ಜೊತೆಗೆ ರಾಜ್ಯದ ಖಾತರಿಯನ್ನೂ ಸೇರಿಸುತ್ತವೆ.

ಪಿಂಚಣಿ ಸರ್ಚಾರ್ಜ್ ಬಾಂಡ್ ಅಲ್ಲ. ಆದರೂ ಬಾಂಡಿನ ಅಂಗಾಂಗಗಳು ಅದರಲ್ಲಿವೆ: ಆಯೋಗದ ಆದೇಶದಿಂದ ಹುಟ್ಟಿದ, ಹೆಸರು ಹಚ್ಚಿದ ಬಾಬತ್ತು, ಮೂರು ವರ್ಷಕ್ಕೆ ಮೊದಲೇ ನಿಗದಿಯಾದ 36, 35, 34 ಪೈಸೆಯ ದರ, ವಸೂಲಿಗೆ ಎಸ್ಕಾಂ, ಪಡೆಯುವವರು ಬೇರೆ. ಬಿಲ್ಲಿನ ಒಂದು ಸಾಲನ್ನು ಬೇರೆ ಇಟ್ಟು ಲೆಕ್ಕ ಕೊಡುವ ಅಭ್ಯಾಸಕ್ಕೆ ಕರ್ನಾಟಕದ ಎಸ್ಕಾಂಗಳಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಸಿಕ್ಕಲಾರದು.

ತಾಲೀಮಿನ ತುರ್ತನ್ನು ಹೆಚ್ಚಿಸಿದ್ದು ಸುಪ್ರೀಂ ಕೋರ್ಟ್. ವಿತರಣಾ ಕಂಪನಿಗಳು ಖರ್ಚು ಮಾಡಿಯೂ ದರದಲ್ಲಿ ವಸೂಲಿ ಮಾಡದೆ ಮುಂದೂಡಿದ ಮೊತ್ತಕ್ಕೆ ನಿಯಂತ್ರಕ ಆಸ್ತಿ ಎನ್ನುತ್ತಾರೆ. ದೆಹಲಿಯಲ್ಲಿ ಅದು ಸಾವಿರಾರು ಕೋಟಿಗೆ ಬೆಳೆದಿತ್ತು. 2025ರ ಆಗಸ್ಟ್ 6ರಂದು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರಿದ್ದ ಪೀಠ, ಹಳೆಯ ಮೊತ್ತವನ್ನು 2024ರ ಏಪ್ರಿಲ್‌ನಿಂದ ಏಳು ವರ್ಷದೊಳಗೆ, ಹೊಸದನ್ನು ಮೂರು ವರ್ಷದೊಳಗೆ ತೀರಿಸಬೇಕೆಂದು ಎಲ್ಲ ರಾಜ್ಯಗಳ ಆಯೋಗಗಳಿಗೂ ಹೇಳಿತು. ವಸೂಲಿ ಯಾಕೆ ಆಗಲಿಲ್ಲ ಎಂಬ ಸಂದರ್ಭವನ್ನು ಆಳವಾಗಿ ಪರಿಶೋಧಿಸಿ ಎಂದೂ ಸೇರಿಸಿತು. ಅಮೆರಿಕದಲ್ಲಿ ಇಂಥ ಮುಂದೂಡಿದ ಮೊತ್ತಗಳನ್ನೇ ಬಾಂಡ್ ಮಾಡಿ ಮಾರುತ್ತಾರೆ. ಇಲ್ಲಿ ಸದ್ಯಕ್ಕೆ ಆಯೋಗಗಳು ವರ್ಷವಾರು ತೀರುವಳಿಯ ಪಟ್ಟಿ ಹಾಕಬೇಕಿದೆ, ಅದರ ಮೇಲೆ ಕಣ್ಣಿಡುವ ಹೊಣೆ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯದು.