ಪರ್ಷಿಯನ್ ಅಂದ್ರು, ಬಂದಿದ್ದು ಡ್ರ್ಯಾಗನ್

ನಾನು ಪುಣಜನೂರಿನವನು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ಕಾಡು ದಾರಿಲಿ ಚೆಕ್‌ಪೋಸ್ಟ್ ನೋಡಿರ್ತೀರಲ್ಲ, ಅದೇ ಊರು. ನಮ್ಮನೇಲಿ ನೆಲಕ್ಕೆ ಚಾಪೆ, ನೆಂಟರು ಬಂದ್ರೆ ಜಮಖಾನ, ಅಷ್ಟೇ. ಇವತ್ತು ಕಾರ್ಪೆಟ್ ಬಗ್ಗೆ ಮಾತಾಡ್ತಿರೋದು ನಮ್ಮಕ್ಕನ ದಯೆ.

ಬೆಂಗಳೂರಿನ ಹೊಸ ಫ್ಲ್ಯಾಟ್‌ಗೆ ಅಕ್ಕ ಒಂದು 'ವಿಂಟೇಜ್ ಪರ್ಷಿಯನ್ ರಗ್' ತಗೊಂಡ್ಳು. ಬಿಳಿ ಗೋಡೆ, ಬೂದು ಸೋಫಾ, ನಡುವೆ ಹಳೇ ಬಣ್ಣದ್ದೊಂದು ಹಾಸು. ಈಗಿನ ಡಿಸೈನರ್‌ಗಳ ಸೂತ್ರ ಇದು. ಬೆಲೆ ಲಕ್ಷದ ಹತ್ತಿರ. ನಾನು ಹೋಗಿ ನೋಡಿದ್ರೆ ಮೂರಡಿ ಅಗಲ, ಆರಡಿ ಉದ್ದ, ದಪ್ಪ ಉಣ್ಣೆ, ಮೇಲೆ ಎರಡು ಡ್ರ್ಯಾಗನ್! ಪಿಯುಸಿಯಲ್ಲಿದ್ದಾಗ ಇಂಥದ್ದೇ ಒಂದರ ಮೇಲೆ ಕೂತು ಚಹಾ ಕುಡಿದಿದ್ದೆ, ಒಡೆಯರಪಾಳ್ಯದ ಟಿಬೆಟನ್ ಗೆಳೆಯನ ಮನೇಲಿ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ. ಮೊದಲು ಬೈಲಕುಪ್ಪೆ. ಆಮೇಲೆ 1974ರಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ನಮ್ಮ ಒಡೆಯರಪಾಳ್ಯದಲ್ಲಿ ದೋಂಡೆನ್‌ಲಿಂಗ್ ಶಿಬಿರ. ಮಳೆ ನಂಬಿ ಮುಸುಕಿನ ಜೋಳ, ಜೊತೆಗೆ ಕಾರ್ಪೆಟ್ ಮಗ್ಗ.

ಇರಾನಿನಲ್ಲಿ ಒಂದೊಂದು ಗಂಟನ್ನೂ ಬೇರೆಬೇರೆಯಾಗಿ ಹಾಕಿ ನೂಲು ಕತ್ತರಿಸ್ತಾರೆ. ಟಿಬೆಟನ್ನರು ಮಗ್ಗಕ್ಕೆ ಅಡ್ಡಲಾಗಿ ಕಡ್ಡಿ ಇಟ್ಟು, ಹಾಸಿನ ಎಳೆಗೂ ಕಡ್ಡಿಗೂ ನೂಲು ಸುತ್ತುತ್ತಾ ಹೋಗ್ತಾರೆ. ಸಾಲು ಮುಗಿದ ಮೇಲೆ ಕಡ್ಡಿಯುದ್ದಕ್ಕೂ ಚಾಕು ಎಳೆದರೆ ಕುಣಿಕೆಗಳೆಲ್ಲ ತುಂಡಾಗಿ ಉಣ್ಣೆ ಎದ್ದು ನಿಲ್ಲುತ್ತೆ. ಗಂಟು ಕಡಿಮೆ, ಮೆತ್ತಗೆ ಜಾಸ್ತಿ. ಈ ಮೂರು-ಆರು ಅಳತೆಗೆ ಖಾದೆನ್ ಅಂತಾರೆ. ಹಗಲು ಕೂರೋಕೆ, ರಾತ್ರಿ ಮಲಗೋಕೆ.

ಪರ್ಷಿಯನ್ ಅನ್ನೋ ಹೆಸರಿಗೆ ಬೆಲೆ ಸುಮ್ನೆ ಬಂದಿಲ್ಲ ಬಿಡಿ. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರೋ ಅರ್ದಬಿಲ್ ಕಾರ್ಪೆಟ್‌ನಲ್ಲಿ ಇಸವಿಯನ್ನೇ ನೇಯ್ದಿದ್ದಾರೆ, ನಮ್ಮ ಲೆಕ್ಕದಲ್ಲಿ 1539-40. ಬಿಕಾಂನಲ್ಲಿ ಇದಕ್ಕೆ ಗುಡ್‌ವಿಲ್ ಅಂತ ಕಲಿಸಿದ್ರು. ಅಕ್ಕನ ಬಿಲ್ಲಿನಲ್ಲಿ ಗುಡ್‌ವಿಲ್ ಇರಾನಿನವರದ್ದು, ಲಾಭ ಅಂಗಡಿಯವರದ್ದು. ನೇಯ್ದವರು ಯಾವ ಕಾಲಮ್ಮಿನಲ್ಲೂ ಇಲ್ಲ. 'ವಿಂಟೇಜ್' ಅನ್ನೋದೂ ಅನುಮಾನವೇ, ಹೊಸದನ್ನ ಕೆಮಿಕಲ್‌ನಲ್ಲಿ ತೊಳೆದು ಹಳೇದು ಮಾಡ್ತಾರೆ.

ಅಕ್ಕಂಗೆ ಸಿಟ್ಟು. "ಮೋಸ ಹೋದ್ನಲ್ಲೋ, ವಾಪಸ್ ಕೊಟ್ಬಿಡ್ತೀನಿ." ಹೆಚ್ಚು ತಗೊಂಡ ದುಡ್ಡು ಕೇಳಕ್ಕ, ಹಾಸು ಮಾತ್ರ ಇಟ್ಕೋ ಅಂದೆ. ಟಿಬೆಟನ್ ಹುಡುಗ್ರು ಹೊರದೇಶಕ್ಕೆ ಹೋಗ್ತಿದ್ದಾರೆ, ಮಗ್ಗದ ಮುಂದೆ ಕೂರೋರು ಕಮ್ಮಿ ಆಗ್ತಿದ್ದಾರೆ.

ಇದು ನೇಪಾಳದ್ದೂ ಆಗಿರಬಹುದು, ಅಲ್ಲೂ ಟಿಬೆಟನ್ ನೇಯ್ಗೆ ಉಂಟು. ಭಾನುವಾರ ಫೋಟೋ ಹಿಡ್ಕೊಂಡು ಒಡೆಯರಪಾಳ್ಯಕ್ಕೆ ಹೋಗಿ ಕೇಳ್ತೀನಿ. ಅಕ್ಕಾನೂ ಬರ್ತಾಳಂತೆ, ಬಿಲ್ ತಗೊಂಡು.